ಹತ್ತನೇ ಕ್ಲಾಸಿನ ಮಕ್ಕಳಿಗೆ ಈ ಒಂದು ಸಂಖ್ಯೆ ತೋರಿಸಿ: 4294967297

429 ಕೋಟಿ 49 ಲಕ್ಷ 67 ಸಾವಿರದ 297. ನಮ್ಮ ಗಣಿತ ಪುಸ್ತಕದಲ್ಲಿ ಈ ಸಂಖ್ಯೆಗೆ ಒಂದಿಡೀ ಪುಟ ಕೊಡಬೇಕು ಅನ್ನುವುದು ನನ್ನ ಆಸೆ. ಯಾಕೆ ಅಂತ ಹೇಳ್ತೀನಿ.

2ರ ಮೇಲೆ ಘಾತವಾಗಿ 1, 2, 4, 8, 16 ಇಡಿ. ಬಂದದ್ದಕ್ಕೆ ಒಂದು ಕೂಡಿಸಿ. 3, 5, 17, 257, 65537 ಸಿಗುತ್ತವೆ. ಐದಕ್ಕೆ ಐದೂ ಅವಿಭಾಜ್ಯ, ಅಂದರೆ 1 ಮತ್ತು ತಾನು ಬಿಟ್ಟು ಬೇರೆ ಯಾವುದರಿಂದಲೂ ಪೂರ್ತಿ ಭಾಗವಾಗದ ಸಂಖ್ಯೆ. ಹೀಗೆ ಘಾತವನ್ನು ದುಪ್ಪಟ್ಟು ಮಾಡುತ್ತಾ ಹೋದರೆ ಬರುವುದೆಲ್ಲ ಅವಿಭಾಜ್ಯವೇ ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದರು. 1640ರಲ್ಲಿ ಪತ್ರದಲ್ಲೂ ಹಾಗೇ ಬರೆದರು. ಸಾಧನೆ, ಅಂದರೆ ಅದು ಯಾವಾಗಲೂ ನಿಜ ಎಂಬ ರುಜುವಾತು, ಮಾತ್ರ ಅವರ ಕೈಯಲ್ಲಿರಲಿಲ್ಲ.

ಮುಂದಿನ ಘಾತ 32. ಆಗ ಬರುವುದೇ ನಮ್ಮ ಈ ಸಂಖ್ಯೆ. ಸುಮಾರು ತೊಂಬತ್ತು ವರ್ಷ ಆದ ಮೇಲೆ, 1732ರಲ್ಲಿ, ಗಣಿತಜ್ಞ ಆಯ್ಲರ್ ಇದು 641ರಿಂದ ಭಾಗವಾಗುತ್ತದೆ ಎಂದು ತೋರಿಸಿದರು. ಆಗ ಅವರಿಗೆ ಇಪ್ಪತ್ತೈದು ವಯಸ್ಸು.

ಇಷ್ಟು ದೊಡ್ಡ ಸಂಖ್ಯೆಯಲ್ಲಿ 641 ಹೇಗೆ ಸಿಕ್ಕಿತು? ನನಗೆ ಅತಿ ಇಷ್ಟವಾದ ಭಾಗ ಇದೇ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಇದರ ಸಾಧನೆಯನ್ನೂ ಆಯ್ಲರ್ ಆಮೇಲೆ ಕೊಟ್ಟರು. ಈ ನಿಯಮ ಗೊತ್ತಿಲ್ಲದೆ 2, 3, 5, 7 ಅಂತ ಹೊರಟರೆ 641 ಬರುವುದು 116ನೇ ಸರದಿಗೆ. ನಿಯಮ ಗೊತ್ತಿದ್ದರೆ 193, 257, 449, 577, ಆಮೇಲೆ 641. ಐದೇ ಹೆಜ್ಜೆ!

ಇದನ್ನು ಪರೀಕ್ಷಿಸಲು ಕ್ಯಾಲ್ಕುಲೇಟರ್ ಕೂಡ ಬೇಡ. 2ರ ಘಾತ 16 ಅಂದರೆ 65536. ಅದನ್ನು 641ರಿಂದ ಭಾಗಿಸಿದರೆ ಶೇಷ 154. ಘಾತ 32 ಬೇಕಲ್ವಾ, ಶೇಷವನ್ನೇ ವರ್ಗ ಮಾಡಿದರೆ ಸಾಕು. 154ರ ವರ್ಗ 23716. ಮತ್ತೆ 641ರಿಂದ ಭಾಗಿಸಿ, ಶೇಷ 640. ಒಂದು ಕೂಡಿಸಿ. 641 ಆಯಿತು, ಅಂದರೆ ಪೂರ್ತಿ ಭಾಗವಾಯಿತು. ಉಳಿದ ಅಪವರ್ತನ 6700417, ಅದೂ ಅವಿಭಾಜ್ಯ.

ನಮ್ಮ ತರಗತಿಗಳಲ್ಲಿ ಮೂರು ಉದಾಹರಣೆ ಕೊಟ್ಟು 'ಆದ್ದರಿಂದ' ಎಂದು ಸೂತ್ರ ಬರೆಸುವುದು ಜಾಸ್ತಿ. ಸಾಧನೆ ಅಂದರೆ ಐದು ಅಂಕದ ಪ್ರಶ್ನೆ, ಬಾಯಿಪಾಠ ಮಾಡಬೇಕಾದ ವಿಷಯ. ಅದು ಯಾಕೆ ಬೇಕು ಎಂಬುದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ, ನನಗೆ ನೋವಾಗುವುದು ಅಲ್ಲೇ. ಫರ್ಮಾ ಅವರಂಥವರ ಊಹೆಯೇ ಐದು ಸಲ ಸರಿಯಾಗಿ ಆರನೇ ಸಲಕ್ಕೆ ಬಿದ್ದುಹೋಯಿತು. ಮಗು ಇದನ್ನು ಕೈಯಾರೆ ಭಾಗಿಸಿ ನೋಡಿದರೆ 'ಸಾಧನೆ ಯಾಕೆ' ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕಲಿಸುವ ಮೇಷ್ಟ್ರುಗಳೇ, ಒಂದು ಪೀರಿಯಡ್ ಇದಕ್ಕೆ ಕೊಡಿ. ಚುರುಕಾದ ಮಕ್ಕಳು 'ಮುಂದಿನದು ಏನು ಸಾರ್?' ಅಂತ ಕೇಳೇ ಕೇಳ್ತಾರೆ. ಘಾತ 64ರದ್ದೂ ಅವಿಭಾಜ್ಯವಲ್ಲ. 274177ರಿಂದ ಭಾಗವಾಗುತ್ತದೆ ಎಂದು 1880ರಲ್ಲಿ ಗೊತ್ತಾಯಿತು. 65537 ದಾಟಿದ ಮೇಲೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಸಾಧಿಸಿದವರೂ ಇಲ್ಲ.