ಸತ್ಯಾಂಶ: ಇಟಲಿಯ ಹಳ್ಳಿ ವೈನ್‌ನಲ್ಲಿ ಸಲ್ಫೈಟ್ ಇರುವುದಿಲ್ಲವೇ?

ಇಟಲಿಗೆ ಹೋಗುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಲ್ಫೈಟ್, ಅಂದರೆ ಆಹಾರ-ಪಾನೀಯ ಕೆಡದಿರಲೆಂದು ಬೆರೆಸುವ ಗಂಧಕದ ಸಂಯುಕ್ತದ ಬಗ್ಗೆ ಒಂದು ಫಾರ್ವರ್ಡ್ ಸುತ್ತುತ್ತಿದೆ: "ಇಟಲಿಯವರು ತಾವು ಕುಡಿಯುವ ವೈನ್‌ಗೆ ಸಲ್ಫೈಟ್ ಹಾಕುವುದಿಲ್ಲ, ರಫ್ತಿನದಕ್ಕೆ ಮಾತ್ರ ಹಾಕುತ್ತಾರೆ. ಅದಕ್ಕೇ ಅಲ್ಲಿ ಕುಡಿದರೆ ತಲೆನೋವಿಲ್ಲ."

ಇದು ತಪ್ಪು. ಇಟಲಿಯ ಬರೋಲೊ ಊರಿನ ಸಣ್ಣ ಮನೆತನದ ವೈನರಿಯಲ್ಲೇ ಒಂದು ಬಾಟಲಿ ತಿರುಗಿಸಿ ನೋಡಿ. ಹಿಂದಿನ ಚೀಟಿಯಲ್ಲಿ ಸಾಮಾನ್ಯವಾಗಿ "ಕೊಂತಿಯೇನೆ ಸೋಲ್ಫೀತಿ", ಅಂದರೆ "ಸಲ್ಫೈಟ್ ಇದೆ" ಎಂದಿರುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಹಾಗೆ ಬರೆಯುವುದು ಐರೋಪ್ಯ ಒಕ್ಕೂಟದಲ್ಲಿ ಕಡ್ಡಾಯ. ಏನೂ ಬೆರೆಸದಿದ್ದರೂ ದ್ರಾಕ್ಷಿರಸ ಹುಳಿಯುವಾಗ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಹುಟ್ಟಿಸುತ್ತದೆ. ಮೇಲೆ ಬೆರೆಸುವುದು ವೈನ್ ಕೆಡದಿರಲೆಂದು. ಕನಿಷ್ಠ 38 ತಿಂಗಳು ಹಳತಾಗಬೇಕಾದ, ಆ ಊರಿನದೇ ಹೆಸರಿನ ಕೆಂಪು ವೈನ್ ಬರೋಲೊಗೆ ಆ ಕಾವಲು ಬೇಕೇ ಬೇಕು. ಸಾಮಾನ್ಯ ಕೆಂಪು ವೈನ್‌ಗೆ ಒಕ್ಕೂಟದ ಸಲ್ಫೈಟ್ ಮಿತಿ ಲೀಟರಿಗೆ 150 ಮಿಲಿಗ್ರಾಂ, ಬಿಳಿಗೆ 200. ಒಣ ಏಪ್ರಿಕಾಟ್‌ಗೆ ಕಿಲೋಗೆ 2,000! ಅದನ್ನು ತಿಂದು ತಲೆ ಹಿಡಿದುಕೊಂಡವರನ್ನು ನಾನಂತೂ ಕಂಡಿಲ್ಲ. ಆದರೆ ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ನಿಜವಾಗಿಯೂ ಉಸಿರಾಟದ ತೊಂದರೆ ತರಬಲ್ಲದು. ಫಾರ್ವರ್ಡ್ ನಂಬಿ ಅವರು ಮೈಮರೆಯಬಾರದು.

ಹಾಗಾದರೆ ಅಲ್ಲಿ ತಲೆನೋವು ಬರಲಿಲ್ಲವೇಕೆ? ವೈನರಿಯಲ್ಲಿ ರುಚಿ ನೋಡಲು ಸುರಿಯುವುದೇ ಎರಡು ಮೂರು ಗುಟುಕು. ಜೊತೆಗೆ ಬ್ರೆಡ್, ಚೀಸ್, ನೀರು. ಬೇಡವಾದರೆ ಉಗುಳಲು ಪಾತ್ರೆಯನ್ನೂ ಇಟ್ಟಿರುತ್ತಾರೆ, ಉಗುಳಿದರೆ ಯಾರೂ ಬೇಸರಿಸುವುದಿಲ್ಲ. ಅದೇ ಮನುಷ್ಯ ಊರಿಗೆ ಬಂದು ಖಾಲಿ ಹೊಟ್ಟೆಯಲ್ಲಿ ಅರ್ಧ ಬಾಟಲಿ ಮುಗಿಸಿ ರಫ್ತಿನವರನ್ನು ಬೈಯುತ್ತಾನೆ.