ಚಾರಣದ ಲೆಕ್ಕ ನಿಧಾನ ನಡೆಯುವವರಿಂದ ಶುರುವಾಗಲಿ

ಬಳ್ಳಾರಿ, ಕೊಪ್ಪಳ, ರಾಯಚೂರಿನ ನಮ್ಮ ಗೆಳೆಯರಲ್ಲಿ ನಾಲ್ಕೈದು ದಿನಗಳ ಚಾರಣಕ್ಕೆ ಹೊರಡುವವರು ಈಚೆಗೆ ಹೆಚ್ಚುತ್ತಿರುವುದು ನನಗೆ ಬಹಳ ಸಂತೋಷದ ವಿಷಯ. ಆದರೆ ಅವರು ಸಿದ್ಧತೆ ನಡೆಸುವ ಕ್ರಮ ಮಾತ್ರ ನನಗೆ ಒಪ್ಪಿಗೆಯಾಗುತ್ತಿಲ್ಲ. ಮೊದಲು ಬ್ಯಾಗ್ ಕೊಳ್ಳುತ್ತಾರೆ, ಆಮೇಲೆ ಟೆಂಟ್ ಎಷ್ಟು ಗ್ರಾಂ ತೂಗುತ್ತದೆ ಎಂಬ ವಿಡಿಯೊಗಳನ್ನು ಗಂಟೆಗಟ್ಟಲೆ ನೋಡುತ್ತಾರೆ, ಕೊನೆಗೆ ಯಾರೋ ಚುರುಕು ಕಾಲಿನವರು ಮೂರು ದಿನಗಳಲ್ಲಿ ಮುಗಿಸಿದ ದಾರಿಯನ್ನು ತಾವೂ ಮೂರೇ ದಿನಗಳಲ್ಲಿ ಮುಗಿಸುವುದೆಂದು ರಜೆ ಹಾಕುತ್ತಾರೆ. ನನ್ನ ಪ್ರಕಾರ ಈ ಕ್ರಮ ತಲೆಕೆಳಗಾಗಿದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು, ಅವರು ಬೆನ್ನ ಮೇಲೆ ಭಾರ ಹೊತ್ತು ಒಂದು ಗಂಟೆಗೆ ಎಷ್ಟು ದೂರ ಹೋಗಬಲ್ಲರು ಎಂಬುದನ್ನು ಮೊದಲು ತಿಳಿದುಕೊಂಡು, ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಬೇಕು.

ಅಲ್ಟ್ರಾಲೈಟ್ ಎಂದು ಕರೆಸಿಕೊಳ್ಳುವ ಚಾರಣಿಗರು ಊಟ, ನೀರು, ಇಂಧನ ಬಿಟ್ಟು ಉಳಿದ ಸಾಮಾನಿನ ತೂಕವನ್ನು ಸುಮಾರು 4.5 ಕಿಲೋದೊಳಗೆ ಇಟ್ಟುಕೊಳ್ಳುತ್ತಾರೆ. ಅದು ಗೌರವಿಸಬೇಕಾದ ಶಿಸ್ತು. ಆದರೆ ಅದರ ಹಿಂದೆ ದುಬಾರಿ ಸಲಕರಣೆಗಳೂ ವರ್ಷಗಳ ಅಭ್ಯಾಸವೂ ಇರುತ್ತವೆ. ವರ್ಷಕ್ಕೆ ಒಂದೆರಡು ಸಲ ಹೋಗುವ, ಬಾಡಿಗೆಗೆ ತಂದ ಟೆಂಟ್ ಹಾಗೂ ಮನೆಯಲ್ಲಿದ್ದ ಬ್ಯಾಗ್ ಹೊರುವ ನೌಕರ, ಶಿಕ್ಷಕಿ ಅಥವಾ ಅಂಗಡಿಯವರಿಗೆ ಆ ಲೆಕ್ಕದ ಅಗತ್ಯವಿಲ್ಲ. ಹೊರುವ ಒಟ್ಟು ಭಾರ ದೇಹದ ತೂಕದ ಐದನೆಯ ಒಂದು ಭಾಗವನ್ನು ಮೀರದಿದ್ದರೆ, ಅಂದರೆ 60 ಕಿಲೋ ತೂಗುವವರ ಬೆನ್ನ ಮೇಲೆ 12 ಕಿಲೋ ದಾಟದಿದ್ದರೆ, ಸಾಧಾರಣ ಆರೋಗ್ಯವಂತರು ನಡೆಯಬಲ್ಲರು. ಅವರು ಕಡಿಮೆ ಮಾಡಬೇಕಾದದ್ದು ದಿನಕ್ಕೆ ನಡೆಯುವ ದೂರವನ್ನು.

ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯುವ ನಮ್ಮ ಅಭ್ಯಾಸ ಬಯಲುಸೀಮೆಯಿಂದ ಬಂದದ್ದು. ಬೆಟ್ಟದಲ್ಲಿ ಅದು ಮೋಸ ಮಾಡುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತವನ್ನೇ ತೆಗೆದುಕೊಳ್ಳಿ. ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ 12-13 ಕಿ.ಮೀ. ದಾರಿಯಲ್ಲಿ ಸುಮಾರು 1,500 ಮೀಟರ್ ಏರಬೇಕು. ಸೂತ್ರದ ಪ್ರಕಾರವೇ ಐದು ಗಂಟೆ ಬೇಕು. ಅದೂ ಗಟ್ಟಿಗರಿಗೆ, ನಡುವೆ ಕುಳಿತುಕೊಳ್ಳದೆ ನಡೆದರೆ. ಭಾರ ಹೊತ್ತ ಸಾಧಾರಣದವರು ಇದರ ಮೇಲೆ ಅರ್ಧದಷ್ಟು ಸೇರಿಸಿ, ಊಟಕ್ಕೂ ವಿಶ್ರಾಂತಿಗೂ ಸಮಯ ಕೂಡಿಸಿದರೆ ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಹಗಲೇ ಮುಗಿದಿರುತ್ತದೆ. ಹೀಗಾಗಿ ಒಂದೇ ದಿನದಲ್ಲಿ ಹತ್ತಿ ಇಳಿಯುವವರ ಬರಹ ಓದಿ ನಾವು ಹೊರಡಬಾರದು ಎನ್ನುತ್ತೇನೆ. ನಮ್ಮ ರಾಜ್ಯದ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು, ಮನಸ್ಸಿಗೆ ಬಂದಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವಂತಿಲ್ಲ. ಆದ್ದರಿಂದ ಸಂಜೆ ಎಲ್ಲಿಗೆ ತಲುಪಬೇಕೆಂಬುದು ಹೊರಡುವ ಮೊದಲೇ ಖಚಿತವಾಗಿರಲೇಬೇಕು.

ಇದಕ್ಕೆ ನಮ್ಮ ಕಡೆಯ ಹಿರಿಯರು ಒಂದು ಮಾತು ಹೇಳುತ್ತಾರೆ: ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು ಯಾವ ಸೂತ್ರ ಓದಿದ್ದಾರೆ? ಈ ಪ್ರಶ್ನೆಗೆ ನಾನು ತುಂಬ ಬೆಲೆ ಕೊಡುತ್ತೇನೆ. ಹೆಗಲ ಮೇಲೆ ಹೊತ್ತೊಯ್ಯುವ ಮಲ್ಲಯ್ಯನ ಕಂಬಿಯ ಜೊತೆ ರಾಯಚೂರು ದಾಟಿ, ವೆಂಕಟಾಪುರಂ, ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು ಮಾರ್ಗವಾಗಿ ನಲ್ಲಮಲ ಕಾಡನ್ನು ಬರಿಗಾಲಿನಲ್ಲಿ ನಡೆಯುವ ಸಾವಿರಾರು ಜನರಲ್ಲಿ ಬಹುಪಾಲು ಜನ ಹೊಲಗದ್ದೆಯ ಸಾಮಾನ್ಯರು. ಬಹುದಿನಗಳ ನಡಿಗೆ ನಮಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಆ ದಾರಿಯುದ್ದಕ್ಕೂ ದಾಸೋಹವಿರುತ್ತದೆ, ನೀರಿನ ವ್ಯವಸ್ಥೆ ಇರುತ್ತದೆ, ಕಾಲಿಗೆ ಎಣ್ಣೆ ತಿಕ್ಕುವ ಸೇವಾಕರ್ತರು ಸಿಗುತ್ತಾರೆ, ಬಿದ್ದವರನ್ನು ಎತ್ತಲು ಹಿಂದೆ ಜನವಿರುತ್ತದೆ. ಪಾದಯಾತ್ರೆಯವರ ಗಂಟು ಹಗುರವಾಗಿರುವುದು ಇಡೀ ಸಮಾಜ ಅವರ ಭಾರವನ್ನು ಹೊರುವುದರಿಂದ. ಜನವಿಲ್ಲದ ಕಾಡಿನಲ್ಲಿ ಆ ಭಾರವೆಲ್ಲ ನಮ್ಮ ಬೆನ್ನಿಗೇ ಬರುತ್ತದೆ.

ಅದರಲ್ಲಿ ಅತಿ ದೊಡ್ಡದು ನೀರು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ನಡೆಯುವಾಗ ಗಂಟೆಗೆ ಅರ್ಧ ಲೀಟರ್ ಬೇಕಾಗುತ್ತದೆ, ಬಿಸಿಲಿದ್ದರೆ ಇನ್ನೂ ಹೆಚ್ಚು. ಎಂಟು ಗಂಟೆಯ ದಾರಿಯಲ್ಲಿ ಎಲ್ಲೂ ನೀರು ಸಿಗದಿದ್ದರೆ ನಾಲ್ಕು ಕಿಲೋ ನೀರನ್ನೇ ಹೊರಬೇಕು. ನಡುವೆ ಒಂದು ನಂಬಿಕೆಯ ಹಳ್ಳವಿದ್ದರೆ ಎರಡು ಸಾಕು. ಸಾವಿರಾರು ರೂಪಾಯಿ ಸುರಿದು ಟೆಂಟಿನಲ್ಲಿ ಉಳಿಸುವ ತೂಕ, ಹಳ್ಳದ ಜಾಗವನ್ನು ಆ ಊರಿನವರಲ್ಲಿ ವಿಚಾರಿಸಿದರೆ ಖರ್ಚಿಲ್ಲದೆ ಉಳಿಯುತ್ತದೆ. ಆದರೆ ವಿಚಾರಿಸುವಾಗ ತಿಂಗಳನ್ನೂ ಕೇಳಬೇಕು. ಮಳೆಗಾಲದಲ್ಲಿ ತುಂಬಿ ಹರಿಯುವ ಸಂಡೂರಿನ ಹಳ್ಳಗಳು ಬೇಸಿಗೆಯಲ್ಲಿ ಹೇಗಿರುತ್ತವೆಂದು ನಮಗೆ ಗೊತ್ತೇ ಇದೆ.

ಊಟದ ವಿಷಯದಲ್ಲಂತೂ ನಾವು ಯಾರನ್ನೂ ನೋಡಿ ಕಲಿಯಬೇಕಾಗಿಲ್ಲ. ತೆಳ್ಳಗೆ ಬಡಿದು ಗರಿಗರಿಯಾಗಿ ಒಣಗಿಸಿದ ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವೂ ಇಲ್ಲ, ಒಲೆಯೂ ಬೇಡ. ರೊಟ್ಟಿಯನ್ನು ನಾಲ್ಕು ತುಂಡು ಮಾಡಿ, ಅಗಲ ಡಬ್ಬಿಯಲ್ಲಿ ಒಂದರ ಮೇಲೊಂದು ಒತ್ತಾಗಿ ಜೋಡಿಸಿ, ಉಳಿದ ಜಾಗಕ್ಕೆ ಹತ್ತಿ ಬಟ್ಟೆ ತುರುಕಿದರೆ ಮೂರನೆಯ ದಿನವೂ ಪುಡಿಯಾಗಿರುವುದಿಲ್ಲ. ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಎಣ್ಣೆ ಕಲಸಿ ಹಚ್ಚಿಕೊಂಡರೆ ಊಟವಾಯಿತು. 100 ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲೊರಿ ಇದೆ. ಅಷ್ಟೇ ತೂಕದ ಬಿಸ್ಕತ್ತಿನಲ್ಲಿ ಅಷ್ಟು ಸಿಗುವುದಿಲ್ಲ. ಗ್ಯಾಸ್ ಸಿಲಿಂಡರ್‌ಗಳನ್ನು ರೈಲಿನಲ್ಲಿ ಒಯ್ಯುವಂತಿಲ್ಲವಾದ್ದರಿಂದ ದೂರದ ಚಾರಣಕ್ಕೆ ಹೋಗುವವರಿಗೆ ಒಲೆ ಬೇಡದ ಊಟದ ಬೆಲೆ ಇನ್ನೂ ಹೆಚ್ಚು.

ಅಭ್ಯಾಸಕ್ಕೆ ಬಳ್ಳಾರಿಯ ಕೋಟೆ ಗುಡ್ಡವಿದೆ, ಆನೆಗೊಂದಿಯ ಹತ್ತಿರ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳ ಅಂಜನಾದ್ರಿ ಇದೆ. ಚಾರಣದಲ್ಲಿ ಹೊರುವಷ್ಟೇ ಭಾರವನ್ನು, ಹಾಕಿಕೊಳ್ಳುವ ಬೂಟನ್ನೇ ಹಾಕಿಕೊಂಡು, ಎರಡು ದಿನ ಬೆನ್ನು ಬೆನ್ನಿಗೆ ಹತ್ತಿ ಇಳಿಯಬೇಕು. ಮೊದಲ ದಿನ ಎಲ್ಲರೂ ಗಟ್ಟಿಗರೇ. ಎರಡನೆಯ ದಿನ ಇಳಿಯುವಾಗ ಮೊಣಕಾಲು ಏನು ಹೇಳುತ್ತದೆ, ಹಿಮ್ಮಡಿಯಲ್ಲಿ ಎಲ್ಲಿ ಗುಳ್ಳೆ ಏಳುತ್ತದೆ ಎಂಬುದೇ ನಮಗೆ ಬೇಕಾದ ಮಾಹಿತಿ, ಗುಂಪಿನ ನಿಜವಾದ ವೇಗ ಗೊತ್ತಾಗುವುದೂ ಆಗಲೇ.

ಹಿಮಾಲಯಕ್ಕೆ ಹೋಗುವವರಿಗೆ ವೇಗದ ಜೊತೆ ಎತ್ತರವೂ ಸೇರಿಕೊಳ್ಳುತ್ತದೆ. ನಮ್ಮ ಊರುಗಳು ಸಮುದ್ರಮಟ್ಟದಿಂದ ಸುಮಾರು 400-530 ಮೀಟರ್ ಮೇಲಿವೆ, ಹಿಮಾಚಲ ಪ್ರದೇಶದ ಹಂಪ್ತಾ ಪಾಸ್ ಎಂಬ ಕಣಿವೆದಾರಿ ಸುಮಾರು 4,270 ಮೀಟರ್ ಎತ್ತರದಲ್ಲಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅಲ್ಲೇ ಇರಬೇಕು ಎಂದು ವೈದ್ಯರು ಹೇಳುತ್ತಾರೆ. ದೇಹ ಎಷ್ಟೇ ಗಟ್ಟಿಯಾಗಿದ್ದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಐದು ದಿನದ ದಾರಿಗೆ ಏಳು ದಿನ ರಜೆ ಸಿಗದಿದ್ದರೆ ಚಿಕ್ಕ ದಾರಿ ಆರಿಸಿಕೊಳ್ಳುವುದು ಮೇಲು.

ಎಲ್ಲಿ ಮಲಗುತ್ತೇವೆ, ಯಾವ ದಿನ ಎಷ್ಟು ಗಂಟೆಗೆ ಕೆಳಗಿಳಿದು ಫೋನ್ ಮಾಡುತ್ತೇವೆ, ಮಾಡದಿದ್ದರೆ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೊರಡಿ. ಯಾವ ಗಂಟೆಯೊಳಗೆ ಶಿಖರ ಮುಟ್ಟದಿದ್ದರೆ ಇದ್ದಲ್ಲಿಂದಲೇ ಹಿಂತಿರುಗುವುದೆಂದು ಗುಂಪಿನವರೆಲ್ಲ ಕೆಳಗಿರುವಾಗಲೇ ಒಪ್ಪಿಕೊಂಡಿರಲಿ. ಆ ಗಂಟೆಯನ್ನು ಗೊತ್ತು ಮಾಡುವ ಹಕ್ಕನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಗೇ ಕೊಡಬೇಕೆಂದು ನಾನು ನಮ್ಮ ಗುಂಪಿನಲ್ಲಿ ಹಟ ಹಿಡಿಯುತ್ತೇನೆ.