ಬಾಯಿ ಕೆಂಪು ಮಾಡುವ ಬಿಳಿ

ಎಲೆ ಹಸಿರು. ಅಡಿಕೆ ಕಂದು. ಸುಣ್ಣ ಬಿಳಿ. ಮೂರನ್ನೂ ಸೇರಿಸಿ ಅಗಿದರೆ ಬಾಯಿ ಮಾತ್ರ ಕೆಂಪು. ಈ ಕೆಂಪು ಅಲ್ಲಿಯವರೆಗೆ ಎಲ್ಲಿ ಅಡಗಿತ್ತು?

ಮದುವೆ ಮನೆಯಲ್ಲಿ ಊಟ ಮುಗಿದು ತಾಂಬೂಲದ ತಟ್ಟೆ ಬಂದಾಗ ಯಾವುದಾದರೂ ಮಗು ಇದನ್ನು ಕೇಳೇ ಕೇಳುತ್ತದೆ. ದೊಡ್ಡವರ ಉತ್ತರ ಸಿದ್ಧವಾಗಿರುತ್ತದೆ: "ಗಂಡನಿಗೆ ಪ್ರೀತಿ ಜಾಸ್ತಿ ಇದ್ರೆ ಬಾಯಿ ಜಾಸ್ತಿ ಕೆಂಪಾಗುತ್ತೆ ಕಣೋ." ಹಾಗಾದರೆ ಮದುವೆ ಆಗದವರ ಬಾಯಿ ಯಾಕೆ ಕೆಂಪಾಗುತ್ತೆ ಅಂದರೆ, "ತರಲೆ, ಹೋಗು ಆಟ ಆಡ್ಕೋ" ಅಂತ ಸಾಗಹಾಕುತ್ತಾರೆ.

ಪ್ರೀತಿಯ ಲೆಕ್ಕ ಅವರವರಿಗೇ ಬಿಡೋಣ. ಬಣ್ಣದ ಲೆಕ್ಕ ಹೀಗಿದೆ. ಅಡಿಕೆ ಒಗರಾಗಿರುವುದು ಅದರಲ್ಲಿರುವ ಟ್ಯಾನಿನ್‌ನಿಂದ, ಕ್ಯಾಟೆಚಿನ್ ಜಾತಿಯ ವಸ್ತುಗಳಿಂದ. ಇವಕ್ಕೆ ಕ್ಷಾರ ಸಿಕ್ಕರೆ ಸಾಕು, ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಂಪಾಗಿಬಿಡುತ್ತವೆ. ಆ ಕ್ಷಾರ ಕೊಡುವುದು ಸುಣ್ಣ. ಬೀಡಾ ಅಂಗಡಿಯಲ್ಲಿ ಕಾಚು ಹಚ್ಚಿದರೆ ಬಾಯಿ ಇನ್ನೂ ರಂಗೇರುತ್ತದಲ್ಲ, ಅದಕ್ಕೂ ಇದೇ ಕಾರಣ. ಕಾಚಿನಲ್ಲೂ ಇರುವುದು ಕ್ಯಾಟೆಚಿನ್ನೇ. ಇಷ್ಟೆಲ್ಲ ಆದರೂ ಹೆಸರು ಮಾತ್ರ ಎಲೆ ಅಡಿಕೆಗೆ. ಸುಣ್ಣವನ್ನು ಕೇಳುವವರಿಲ್ಲ.

ನಮ್ಮ ಅಜ್ಜಿ ಎಲೆ ಹಾಕಿಕೊಳ್ಳುವುದನ್ನು ನೋಡುವುದೇ ಒಂದು ಚೆಂದ. ಮೈಸೂರಿನ ಎಳೇ ಚಿಗುರೆಲೆಯೇ ಆಗಬೇಕು. ಅದನ್ನು ಸೆರಗಿಗೆ ಒರೆಸಿ, ತೊಟ್ಟು ಮುರಿದು, ತುದಿ ಚಿವುಟಿ, ಬೋರಲು ಹಾಕಿ ಬೆನ್ನಿನ ನಾರು ಎಳೆಯುತ್ತಿದ್ದರು. ಆಮೇಲೆ ತೋರುಬೆರಳ ತುದಿಯಲ್ಲಿ ಸುಣ್ಣ ತೆಗೆದು ಬೆನ್ನ ಮೇಲೆ ಒಂದೇ ಸವರು. ಬೆರಳಲ್ಲಿ ಉಳಿದದ್ದನ್ನು ಕಂಬಕ್ಕೆ ಒರೆಸಿಬಿಡುವುದು. ಹಳೇ ತೊಟ್ಟಿ ಮನೆಗಳ ಕಂಬದಲ್ಲಿ, ಕೂತವರ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಬೆರಳಗಲದ ಬಿಳಿ ಗೆರೆಗಳು ಕಂಡರೆ ಆ ಮನೆಯಲ್ಲಿ ಎಲೆ ಹಾಕುವವರು ಇದ್ದರು ಅಂತ ಅರ್ಥ. ಸುಣ್ಣ ಒಂಚೂರು ಜಾಸ್ತಿ ಆದರೂ ನಾಲಿಗೆ ಸುಟ್ಟೇ ಹೋಗುತ್ತದೆ. ಅದು ಅಷ್ಟು ಕಡು ಕ್ಷಾರ. ಎಲೆ ಬೇಕಾದರೆ ಹಾಕಿಕೊಳ್ಳಲಿ, ಅಡಿಕೆಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ತಂಬಾಕು ಸೇರಿಸದೆ ಬರೀ ಅಡಿಕೆ ಅಗಿದರೂ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

ಸುಣ್ಣದ ಕೆಂಪು ಬಾಯಿಗೆ ಮುಗಿಯುವುದಿಲ್ಲ. ಆರತಿ ತಟ್ಟೆಯ ಓಕುಳಿ ನೀರು ನೆನಪು ಮಾಡಿಕೊಳ್ಳಿ. ಅರಿಸಿನ ಹಳದಿ, ಸುಣ್ಣ ಬಿಳಿ, ನೀರಿಗೆ ಬಣ್ಣವೇ ಇಲ್ಲ. ಕಲಸಿದರೆ ಕೆಂಪು. ಅರಿಸಿನದ ಬಣ್ಣ ಕುರ್ಕುಮಿನ್ ಎಂಬ ವಸ್ತುವಿನದು. ಹುಳಿಯ ಜೊತೆ ಇದ್ದಾಗ ಅದು ಹಳದಿ, ಕ್ಷಾರದ ಜೊತೆ ಸೇರಿದರೆ ಕೆಂಪು. ಮದುವೆಗೆ ಹೋಗಿ ಬಿಳಿ ಅಂಗಿಗೆ ಸಾರು ಚೆಲ್ಲಿಕೊಂಡು ಬಂದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಹಳದಿ ಕಲೆಗೆ ಸೋಪು ತಿಕ್ಕಿದ ಕೂಡಲೇ ಕಲೆ ಕೆಂಪಾಗಿ ಎದೆ ಧಸಕ್ಕೆನ್ನುತ್ತದೆ. ಗಾಬರಿ ಬೇಡ. ಸೋಪೂ ಕ್ಷಾರವೇ. ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಗೆ ಬರುತ್ತದೆ. ಆ ಹಳದಿ ಹೋಗಬೇಕಾ? ಒಗೆದು ಬಿಸಿಲಿಗೆ ಹರವಿ. ಕುರ್ಕುಮಿನ್‌ಗೆ ಬಿಸಿಲು ಆಗುವುದಿಲ್ಲ, ದಿನ ಕಳೆದ ಹಾಗೆ ಮಾಸುತ್ತಾ ಹೋಗುತ್ತದೆ. ಅಂಗಡಿಯಿಂದ ದುಬಾರಿ ಪೌಡರು ತರುವ ಮುಂಚೆ ತಾರಸಿಗೆ ಹೋಗಿ ನೋಡಿ.

ಇಷ್ಟೊಂದು ಕರಾಮತ್ತು ಮಾಡುವ ಸುಣ್ಣ ಬರುವುದು ಕಲ್ಲಿನಿಂದ. ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಕಾಯಿಸಿದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. 100 ಕೆಜಿ ಶುದ್ಧ ಕಲ್ಲು ಸುಟ್ಟರೆ ಸಿಗುವುದು 56 ಕೆಜಿ ಸುಟ್ಟ ಸುಣ್ಣ, ಉಳಿದ 44 ಕೆಜಿ ಗಾಳಿಪಾಲು. ಅದಕ್ಕೆ ನೀರು ಹಾಕಿದರೆ ಒಲೆಯೇ ಇಲ್ಲದೆ ಬುಸುಗುಟ್ಟುತ್ತಾ ಕುದಿಯುತ್ತದೆ. ಮೈಸೂರಿನಲ್ಲಿ ಸುಣ್ಣದಕೇರಿ ಅಂತ ಒಂದು ಬಡಾವಣೆಯೇ ಇದೆ. ದಸರೆಗೋ ಯುಗಾದಿಗೋ ಮನೆಗೆ ಸುಣ್ಣ ಹೊಡೆಸುವ ಕಾಲದಲ್ಲಿ ಹಿತ್ತಲಲ್ಲಿ ಡ್ರಮ್ಮು ಇಟ್ಟು ಸುಣ್ಣ ಅರಳಿಸುವುದು ಮಕ್ಕಳಿಗೆ ಹಬ್ಬದಷ್ಟೇ ಸಂಭ್ರಮ. ದೂರ ನಿಲ್ಲಿ, ಕಣ್ಣಿಗೆ ಹಾರೀತು ಅಂತ ದೊಡ್ಡವರು ಬೈಯುತ್ತಲೇ ಇರಬೇಕು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವ ಗಾದೆ ಮಾಡಿದವರಿಗೆ ಸುಣ್ಣ ಕಣ್ಣಿಗೆ ಬಿದ್ದ ಉರಿ ಖಂಡಿತ ಗೊತ್ತಿತ್ತು.

ಹೊಸದಾಗಿ ಬಳಿದ ಸುಣ್ಣ ಹಸಿಯಾಗಿದ್ದಾಗ ಗೋಡೆ ಮಂಕಾಗಿ ಕಾಣುತ್ತದೆ. "ದುಡ್ಡು ದಂಡ ಆಯ್ತಲ್ಲ" ಅಂತ ಮನೆಯವರು ಮುಖ ಸಿಂಡರಿಸುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಅದೇ ಗೋಡೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ನೀರು ಆರಿದೆ ಅನ್ನುವುದು ಒಂದು. ಗೂಡಿನಲ್ಲಿ ಕಳೆದುಕೊಂಡ ಆ ಅನಿಲವನ್ನು ಸುಣ್ಣ ಗಾಳಿಯಿಂದಲೇ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗಲು ಶುರು ಮಾಡಿದೆ ಅನ್ನುವುದು ಇನ್ನೊಂದು. ಅಂದರೆ ಗೋಡೆಯ ಮೇಲಿರುವುದು ಕಾಗದದಷ್ಟು ತೆಳ್ಳಗಿನ ಸುಣ್ಣದ ಕಲ್ಲೇ. ಸುಣ್ಣಕ್ಕೆ ಚೂರು ನೀಲಿ ಹಾಕುತ್ತಿದ್ದದ್ದು ಯಾಕೆ ಅಂತೀರಾ? ಬಿಳಿಯಲ್ಲಿ ಇಣುಕುವ ಹಳದಿಯನ್ನು ನೀಲಿ ಮರೆಮಾಡುತ್ತದೆ. ಪಂಚೆಗೆ ಹಾಕುವ ನೀಲಿಯ ಗುಟ್ಟೂ ಅದೇ.

ಈ ಸುಣ್ಣದ ಗಾರೆಯಲ್ಲಿ ಒಂದು ತಾಪತ್ರಯ ಇದೆ. ಗಟ್ಟಿಯಾಗಲು ಅದಕ್ಕೆ ಗಾಳಿ ಬೇಕು. ನೀರಿನೊಳಗೆ ಅದು ಗಟ್ಟಿಯಾಗುವುದಿಲ್ಲ. ಹಾಗಿದ್ದರೆ ಕನ್ನಂಬಾಡಿ ಕಟ್ಟೆ ಹೇಗೆ ನಿಂತಿದೆ? ಮಳೆಗಾಲದಲ್ಲಿ "124.80 ಅಡಿ ಆಯ್ತಾ?" ಅಂತ ಮಂಡ್ಯದ ಟೀ ಅಂಗಡಿಗಳಲ್ಲಿ ದಿನವೂ ಲೆಕ್ಕ ಹಾಕುತ್ತಾರಲ್ಲ, ಅದೇ ಕಟ್ಟೆ. 1911ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ ಕೆಲಸ ಶುರುವಾಯಿತು. ಎರಡೂವರೆ ಕಿಲೋಮೀಟರಿಗೂ ಉದ್ದದ ಈ ಗೋಡೆಗೆ ಹಾಕಿದ್ದು ಸಿಮೆಂಟ್ ಅಲ್ಲ, ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯನ್ನು ನುಣ್ಣಗೆ ಪುಡಿ ಮಾಡಿ ಸುಣ್ಣಕ್ಕೆ ಬೆರೆಸಿದರೆ ಸುರ್ಕಿ. ಇಟ್ಟಿಗೆ ಪುಡಿಯ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದ ಜೊತೆ ಸೇರಿ, ಗಾಳಿಯ ಹಂಗಿಲ್ಲದೆ ಒದ್ದೆಯಲ್ಲೂ ಗಟ್ಟಿಯಾಗುವ ಅಂಟು ಕೊಡುತ್ತವೆ. ಒಡೆದ ಇಟ್ಟಿಗೆ ಚೂರನ್ನು ನಾವು ಈಗ ಹಳ್ಳ ಮುಚ್ಚಲು ಸುರಿಯುತ್ತೇವೆ. ಬೇಜಾರಾಗುತ್ತದೆ.

ಕಟ್ಟೆಯ ನೀರು ನಾಲೆಗೆ ಬಂತು, ನಾಲೆಯ ನೀರಿಗೆ ಕಬ್ಬು ಬಂತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆಯೂ ಬಂತು. ಅಲ್ಲೂ ಸುಣ್ಣ ಇಲ್ಲದೆ ಕೆಲಸ ನಡೆಯುವುದಿಲ್ಲ, ಆಲೆಮನೆಯಲ್ಲೂ ನಡೆಯುವುದಿಲ್ಲ. ಗಾಣದಿಂದ ಇಳಿದ ಕಬ್ಬಿನ ಹಾಲು ಸ್ವಲ್ಪ ಹುಳಿ ಗುಣದ್ದು. ಹಾಗೇ ಕಾಯಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿಬಿಡುತ್ತದೆ. ಆಮೇಲೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಜಿಗುಟಾಗುತ್ತದೆ. ಕೊಪ್ಪರಿಗೆಗೆ ಸುಣ್ಣದ ನೀರು ಬಿದ್ದರೆ ಹುಳಿ ಇಳಿಯುತ್ತದೆ, ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆದು ಎಸೆಯುತ್ತಾರೆ. ಕೈ ಸ್ವಲ್ಪ ಧಾರಾಳವಾದರೆ ಬೆಲ್ಲ ಕಪ್ಪಾಗುತ್ತದೆ. ಅಳತೆ ಬೆಲ್ಲ ಕಾಯಿಸುವವನ ಕಣ್ಣಲ್ಲೇ ಇರಬೇಕು. ಈಗ ಪೇಟೆಯವರಿಗೆ ಹೊಂಬಣ್ಣದ ಬೆಲ್ಲವೇ ಬೇಕು, ಅದಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವವರೂ ಇದ್ದಾರೆ. ನನ್ನ ಮಾತು ಕೇಳಿ, ಕಂದು ಬೆಲ್ಲವನ್ನೇ ತನ್ನಿ.

ಮಜಾ ಏನೆಂದರೆ, ಹಿಂದಿನವರು ಗಾರೆಗೂ ಬೆಲ್ಲದ ನೀರು ಬೆರೆಸುತ್ತಿದ್ದರು. ಸುಮ್ನೆ ಅಲ್ಲ. ಸುಣ್ಣ ಬರೀ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಒಂದು ಲೀಟರಿಗೆ ಎರಡು ಗ್ರಾಂ ಕೂಡ ಇಲ್ಲ. ಸಕ್ಕರೆ ಇರುವ ನೀರಿನಲ್ಲಿ ಹೆಚ್ಚು ಕರಗುತ್ತದೆ. ಅಂದರೆ ಬೆಲ್ಲಕ್ಕೆ ಸುಣ್ಣ, ಸುಣ್ಣಕ್ಕೆ ಬೆಲ್ಲ. ಇದನ್ನು ನಮ್ಮೂರಿನ ಆಲೆಮನೆಯ ಹಿರಿಯರೊಬ್ಬರಿಗೆ ವಿವರಿಸಿದೆ. ಪೂರ್ತಿ ಕೇಳಿ, ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿ ಅಂದರು: "ಹಂಗಾದ್ರೆ ಬರಗಾಲ ಬಂದ್ರೆ ಹಳೇ ಗೋಡೆ ನೆಕ್ಕಬೋದು ಬುಡಿ ಸಾ."